ಸೈಲೆನ್ಸರಿನ ಬಣ್ಣ ಒಂದು ಮಳೆಗಾಲವನ್ನೂ ದಾಟುವುದಿಲ್ಲವೇಕೆ?

ಪ್ರಶ್ನೆ: ನಾನು ಕಾರವಾರದ ಕೋಡಿಬಾಗದವನು. ನನ್ನ ಬೈಕಿನ ಸೈಲೆನ್ಸರಿಗೆ 600 ಡಿಗ್ರಿ ಶಾಖ ತಾಳುತ್ತದೆಂದು ಡಬ್ಬಿಯ ಮೇಲೆ ಬರೆದಿದ್ದ ಸ್ಪ್ರೇ ಬಣ್ಣ ಹೊಡೆಸಿದ್ದೆ. ಒಂದೇ ಮಳೆಗಾಲದಲ್ಲಿ ಅದು ಹಕ್ಕಳೆ ಹಕ್ಕಳೆಯಾಗಿ ಎದ್ದುಹೋಯಿತು. ಇನ್ನೂ ಹೆಚ್ಚು ಡಿಗ್ರಿಯ ಬಣ್ಣ ತರಬೇಕೇ?

ಉತ್ತರ: ಬೇಡ. ನಿಮ್ಮ ಬಣ್ಣವನ್ನು ಕೆಡಿಸಿದ್ದು ಬಹುಮಟ್ಟಿಗೆ ಉಪ್ಪು. ಅದಕ್ಕೆ ನೆರವಾದದ್ದು ಶಾಖದ ಕೊರತೆ. ಎರಡನೆಯ ಮಾತು ವಿಚಿತ್ರವಾಗಿ ಕೇಳಿಸಬಹುದಾದ್ದರಿಂದ ಅದನ್ನೇ ಮೊದಲು ಬಿಡಿಸುತ್ತೇನೆ.

ಇಂಥ ಬಣ್ಣಗಳಲ್ಲಿ ಅಂಟಿನ ಕೆಲಸ ಮಾಡುವುದು ಸಾಮಾನ್ಯವಾಗಿ ಸಿಲಿಕೋನ್ ರಾಳ. ಅದು ಗಾಳಿಗೆ ಒಣಗಿದಂತೆ ಕಂಡರೂ, ಸುಮಾರು 200 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಹೆಚ್ಚಿನ ಕಾವಿನಲ್ಲಿ ಅರ್ಧ ಗಂಟೆಯಷ್ಟಾದರೂ ಇದ್ದ ಮೇಲೆಯೇ ಪೂರ್ತಿ ಗಟ್ಟಿಯಾಗುತ್ತದೆ. ಎಂಜಿನ್ನಿಗೆ ತಾಗಿದ ಬೆಂಡ್ ಪೈಪಿಗೆ ಆ ಕಾವು ತಾನಾಗಿ ಸಿಗುತ್ತದೆ. ಆದರೆ ಕೋಡಿಬಾಗದಿಂದ ಪೇಟೆಗೆ ಹೋಗಿ ಬರುವಷ್ಟೇ ಓಡಾಟವಿರುವ ಗಾಡಿಯ ಸೈಲೆನ್ಸರಿನ ಹಿಂಭಾಗ ಆ ಮಟ್ಟಕ್ಕೆ ಏರುವುದು ಕಡಿಮೆ. ಅಲ್ಲಿನ ಬಣ್ಣ ತಿಂಗಳುಗಟ್ಟಲೆ ಹಸಿಯಾಗಿಯೇ ಉಳಿದು, ಪೆಟ್ರೋಲ್ ಹನಿ ಬಿದ್ದರೂ ಮೆತ್ತಗಾಗುತ್ತದೆ. ಹೆಚ್ಚು ಡಿಗ್ರಿಯ ಬಣ್ಣ ತಂದರೆ ಈ ತೊಂದರೆ ಕಡಿಮೆಯಾಗದು. ಹಿಂಭಾಗಕ್ಕೆ 200ರಿಂದ 250 ಡಿಗ್ರಿ ತಾಳುವ, ಗಾಳಿಯಲ್ಲೇ ಗಟ್ಟಿಯಾಗುವ ಬಣ್ಣ ಸಾಕು. ಮುಂದಕ್ಕೂ ಹಿಂದಕ್ಕೂ ಒಂದೇ ಬಣ್ಣ ಬೇಕೆಂದಿದ್ದರೆ, ಬಿಚ್ಚಿದ ಸೈಲೆನ್ಸರನ್ನು ಪೌಡರ್ ಕೋಟಿಂಗ್ (ಪುಡಿ ಬಣ್ಣ ಎರಚಿ ಒಲೆಯಲ್ಲಿ ಕರಗಿಸಿ ಹಿಡಿಸುವ ಕೆಲಸ) ಮಾಡುವವರ ಒಲೆಯಲ್ಲಿ ಕಾಯಿಸಿ ತರಬಹುದು. ಆ ಒಲೆ ಸುಮಾರು 200 ಡಿಗ್ರಿಯಲ್ಲೇ ನಡೆಯುತ್ತದೆ. ಪೌಡರ್ ಕೋಟಿಂಗನ್ನೇ ಬೆಂಡ್ ಪೈಪಿಗೆ ಹಾಕಿಸಿದರೆ ಮಾತ್ರ ಅದು ಸುಟ್ಟುಹೋಗುತ್ತದೆ.

ಇನ್ನು ಉಪ್ಪು. ಕಡಲ ಗಾಳಿಯದು ಒಂದು ಪಾಲಾದರೆ, ಹೆದ್ದಾರಿ 66ರಲ್ಲಿ ಮೀನಿನ ಟೆಂಪೋಗಳು ಸುರಿಸಿಕೊಂಡು ಹೋಗುವ ಉಪ್ಪುನೀರಿನದು ಇನ್ನೊಂದು ಪಾಲು. ತುಕ್ಕಿನ ಗುಳಿಗಳಲ್ಲಿ ಅಡಗಿದ ಉಪ್ಪು ಎಮರಿ ಕಾಗದದ ಉಜ್ಜುವಿಕೆಗೆ ಹೋಗುವುದಿಲ್ಲ, ಥಿನ್ನರಿನಲ್ಲಿ ಕರಗುವುದೂ ಇಲ್ಲ. ಅದರ ಮೇಲೆ ಬಣ್ಣ ಹೊಡೆದರೆ ಉಪ್ಪು ಪದರದ ಮೂಲಕವೇ ತೇವವನ್ನು ಒಳಗೆಳೆದುಕೊಂಡು ಗುಳ್ಳೆ ಎಬ್ಬಿಸುತ್ತದೆ. ಆದ್ದರಿಂದ ಮೊದಲು ಸಿಹಿನೀರಿನಲ್ಲಿ ಬ್ರಷ್ ಹಾಕಿ ಚೆನ್ನಾಗಿ ತೊಳೆದು, ಬೆಳ್ಳಗೆ ಲೋಹ ಕಾಣುವವರೆಗೆ ತುಕ್ಕು ತೆಗೆದು, ಮತ್ತೊಮ್ಮೆ ತೊಳೆದು, ಬಿಸಿ ಮಾಡಿ ಒಣಗಿಸಿ, ಕೊನೆಗೆ ಥಿನ್ನರಿನಿಂದ ಒರೆಸಬೇಕು. ನಮ್ಮ ಕರಾವಳಿಯ ತೇವದಲ್ಲಿ ಬರಿ ಕಬ್ಬಿಣಕ್ಕೆ ಕೆಲವೇ ಗಂಟೆಗಳಲ್ಲಿ ಕೆಂಪು ಛಾಯೆ ಬರುವುದರಿಂದ ಬಣ್ಣವನ್ನು ನಾಳೆಗೆ ಉಳಿಸಬಾರದು. ದಪ್ಪನೆಯ ಒಂದು ಪದರಕ್ಕಿಂತ ತೆಳುವಾದ ಎರಡು ಪದರ ಮೇಲು. ದಪ್ಪ ಪದರ ಕಾದಾಗ ಬಿರಿಯುತ್ತದೆ.

ಸ್ಯಾಂಡ್ ಬ್ಲಾಸ್ಟಿಂಗ್ (ರಭಸದ ಗಾಳಿಯಲ್ಲಿ ಮರಳಿನಂಥ ಹರಳು ಚಿಮ್ಮಿಸಿ ತುಕ್ಕು ತೆಗೆಯುವುದು) ಮಾಡಿಸುವುದಾದರೆ, ಬಣ್ಣದ ಅಡಿಪದರವಾಗಿ ಸತುವಿನ ಸಿಲಿಕೇಟ್ ಪ್ರೈಮರನ್ನು ನಾನು ಖಂಡಿತ ಶಿಫಾರಸು ಮಾಡುತ್ತೇನೆ. ಮೇಲಿನ ಬಣ್ಣಕ್ಕೆ ಗೀರು ಬಿದ್ದರೂ ಸತು ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ. ಇದರ ಈಥೈಲ್ ಸಿಲಿಕೇಟ್ ಬಗೆ ಗಟ್ಟಿಯಾಗುವುದು ಗಾಳಿಯ ತೇವವನ್ನು ಹೀರಿಕೊಂಡೇ; ಕಾರವಾರದ ಹವೆಯಿಂದ ಬಣ್ಣಗಾರನಿಗೆ ಆಗುವ ಉಪಕಾರ ಬಹುಶಃ ಇದೊಂದೇ. ಸತು ಸುಮಾರು 420 ಡಿಗ್ರಿಗೆ ಕರಗುವುದರಿಂದ ಎಂಜಿನ್ ಬಾಯಿಯ ಬಳಿ ಮಾತ್ರ ಇದು ಬೇಡ. ಅಲ್ಲಿಗೆ ಸೆರಾಮಿಕ್ ಲೇಪನ ಉತ್ತಮ, ಆದರೆ ದುಬಾರಿ. ಪೈಪಿಗೆ ಸುತ್ತುವ ಶಾಖನಿರೋಧಕ ಪಟ್ಟಿ ಉಪ್ಪುನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಕರಾವಳಿಗೆ ಹೇಳಿಮಾಡಿಸಿದ್ದಲ್ಲ.

ಖರ್ಚು ಮಾಡುವ ಮೊದಲು ಸೈಲೆನ್ಸರಿನ ತಳವನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ನೋಡಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗುವ ಗಾಡಿಯಲ್ಲಿ ಅದು ಆವಿಯಾಗಿ ಹೊರಟುಹೋದರೆ, ಎರಡು ಕಿಲೋಮೀಟರ್ ಓಡಿ ನಿಲ್ಲುವ ಗಾಡಿಯಲ್ಲಿ ಒಳಗೇ ತಂಗಿ ತಗಡನ್ನು ತಿನ್ನುತ್ತದೆ. ತಟ್ಟಿದಾಗ ತಗಡು ಒಳಕ್ಕೆ ಹೋದರೆ ಯಾವ ಲೇಪನವೂ ವ್ಯರ್ಥ. ತಳದಲ್ಲಿ ನೀರು ಬಸಿಯುವ ಸಣ್ಣ ತೂತಿದ್ದರೆ ಅದನ್ನು ಬಣ್ಣದಿಂದ ಮುಚ್ಚಬೇಡಿ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 (ಹೊಗೆ ಮಾಲಿನ್ಯದ ಮಿತಿ) ಗಾಡಿಗಳಲ್ಲಿ, ಹೊಗೆಯಲ್ಲಿನ ಆಮ್ಲಜನಕವನ್ನು ಅಳೆಯುವ ಆಕ್ಸಿಜನ್ ಸೆನ್ಸರನ್ನು ಬಿಚ್ಚಿಟ್ಟು, ಅದರ ರಂಧ್ರವನ್ನು ಮುಚ್ಚಿ ಬಣ್ಣ ಹೊಡೆಯಬೇಕು. ಸಿಲಿಕೋನ್ ಆವಿ ಸೆನ್ಸರನ್ನು ಕೆಡಿಸುತ್ತದೆ.

ಈ ಕೆಲಸಕ್ಕೆ ದೀಪಾವಳಿಯ ನಂತರದ ಒಣ ದಿನಗಳು ಅನುಕೂಲ. ಬಣ್ಣ ಒಣಗಿದ ಮೇಲೆ ಎಂಜಿನ್ನನ್ನು ಹತ್ತು ನಿಮಿಷ ನಡೆಸಿ ಪೂರ್ತಿ ಆರಲು ಬಿಡಿ. ಮತ್ತೆ ಇಪ್ಪತ್ತು ನಿಮಿಷ ನಡೆಸಿ ಆರಿಸಿ. ಆಮೇಲೆ ಅಂಕೋಲೆಯವರೆಗೆ ಒಮ್ಮೆ ಹೋಗಿ ಬನ್ನಿ. ಮೊದಮೊದಲು ಒಂದಿಷ್ಟು ಹೊಗೆ, ವಾಸನೆ ಬರುವುದು ಸಹಜ. ಈ ಓಡಾಟ ಮುಗಿಯುವವರೆಗೆ ಸೈಲೆನ್ಸರಿಗೆ ನೀರು ಸೋಕಿಸಬೇಡಿ.