ಹನ್ನೆರಡು ನರ್ಸ್, ನಲವತ್ತು ನಿಮಿಷ

ಲೀನ್ ಎಂದರೆ ಕೆಲಸದಲ್ಲಿ ವ್ಯರ್ಥವಾಗುವ ಓಡಾಟ, ಕಾಯುವಿಕೆಗಳನ್ನು ಕಳೆಯುವ, ಟೊಯೊಟಾ ಕಾರು ಕಂಪನಿಯಿಂದ ಬಂದ ಪದ್ಧತಿ. ಆ ಕೆಲಸಕ್ಕೆಂದು ಹೊಸ ಆಸ್ಪತ್ರೆಗೆ ಕಾಲಿಟ್ಟರೆ ಮೊದಲ ವಾರದಲ್ಲೇ ಯಾರಾದರೂ ಒಬ್ಬ ಅಧಿಕಾರಿ ಕೇಳಿಯೇ ಕೇಳುತ್ತಾರೆ: "ಇದರಿಂದ ಎಷ್ಟು ಹುದ್ದೆ ಕಡಿಮೆಯಾಗುತ್ತದೆ?" ಬಿಡದಿಯ ಕಾರು ಕಾರ್ಖಾನೆಗೆ ಬಿಡಿಭಾಗ ಪೂರೈಸುವ ಘಟಕದಲ್ಲಿ ಈ ವಿದ್ಯೆ ಕಲಿತು, ಈಗ ವಿದೇಶದ ಆಸ್ಪತ್ರೆಗಳಲ್ಲಿ ಅದನ್ನೇ ಮಾಡುತ್ತಿರುವ ನನಗೆ ಈ ಪ್ರಶ್ನೆ ಕೇಳಿದಾಗಲೆಲ್ಲ ಎದೆ ಕುಸಿಯುತ್ತದೆ. ಲೀನ್ ಎಂಬ ಇಂಗ್ಲಿಷ್ ಪದಕ್ಕೆ ಸಪೂರ ಎಂಬ ಅರ್ಥವಿರುವುದೇ ಜನರ ದಾರಿ ತಪ್ಪಿಸಿತೋ ಏನೋ. ಆ ಹೆಸರನ್ನು ಟೊಯೊಟಾದವರು ಇಟ್ಟದ್ದಲ್ಲ, 1988ರಲ್ಲಿ ಜಾನ್ ಕ್ರಾಫ್ಸಿಕ್ ಎಂಬ ಸಂಶೋಧಕರು ಇಟ್ಟದ್ದು.

ಇಂಗ್ಲೆಂಡಿನ ಒಂದು ವಾರ್ಡಿನಲ್ಲಿ ಮೂರು ದಿನ ಗಡಿಯಾರ ಹಿಡಿದು ನರ್ಸ್‌ಗಳ ಹಿಂದೆ ನಡೆದೆ. ಔಷಧದ ಬೀರುವಿನ ಕೀಲಿ ಯಾರ ಜೇಬಿನಲ್ಲಿದೆ ಎಂದು ಕೇಳುತ್ತಾ ಅಲೆಯುವುದು, ಡ್ರಿಪ್ ಪಂಪ್‌ಗಾಗಿ ಪಕ್ಕದ ವಾರ್ಡಿಗೆ ಓಡುವುದು, ಸಿಕ್ಕ ಪಂಪ್ ಚಾರ್ಜ್ ಆಗಿಲ್ಲವೆಂದು ಮತ್ತೆ ಹಿಂದಿರುಗುವುದು. ಕೀಲಿಗೊಂದು ಜಾಗ, ಪಂಪ್‌ಗಳಿಗೊಂದು ಜಾಗ ಗೊತ್ತುಮಾಡಿದೆವು. ಎಲ್ಲಿ ಇಡಬೇಕು ಎಂದು ಹೇಳಿದವರು ನರ್ಸ್‌ಗಳೇ. ಹನ್ನೆರಡು ಜನರಿಗೆ ದಿನಕ್ಕೆ ತಲಾ ನಲವತ್ತು ನಿಮಿಷ ಉಳಿಯಿತು.

ಮ್ಯಾನೇಜರ್ ಗುಣಿಸಿದರು: 480 ನಿಮಿಷ, ಎಂಟು ಗಂಟೆ, ಒಬ್ಬರ ಪಾಳಿ. ಒಂದು ಹುದ್ದೆ ಹೋಯಿತು.

ಎಷ್ಟು ಸಲ ಹೇಳಿದರೂ ಸಾಲದು ಅನಿಸುವುದರಿಂದ ಇಲ್ಲಿ ಬಿಡಿಸಿ ಹೇಳುತ್ತೇನೆ. ಆ ನಲವತ್ತು ನಿಮಿಷ ಒಟ್ಟಿಗೆ ಒಂದೆಡೆ ಇರಲಿಲ್ಲ. ಬೆಳಗ್ಗೆ ಆರು ನಿಮಿಷ, ಔಷಧ ಕೊಡುವಾಗ ಒಂಬತ್ತು, ಊಟದ ಹೊತ್ತಿಗೆ ನಾಲ್ಕು, ಹೀಗೆ ಚೂರುಚೂರಾಗಿ ಹನ್ನೆರಡು ಜನರ ದಿನದ ತುಂಬ ಹರಡಿತ್ತು. ಹನ್ನೆರಡು ಮನೆಗಳ ಒಂದೊಂದು ಹಿಡಿ ಅಕ್ಕಿ ಸೇರಿಸಿದರೆ ಒಂದು ಪಾತ್ರೆ ಅನ್ನವಾಗುತ್ತದೆ. ಚದುರಿದ ನಿಮಿಷಗಳನ್ನು ಹಾಗೆ ಕೂಡಿಡಲು ಬರುವುದಿಲ್ಲ. ತೆಗೆದುಹಾಕಿದ ನರ್ಸ್ ಮಾತ್ರ ಇಡೀ ಎಂಟು ಗಂಟೆ ಇರುವುದಿಲ್ಲ. ಆಕೆಯ ರೋಗಿಗಳನ್ನು ಉಳಿದ ಹನ್ನೊಂದು ಜನ ಹಂಚಿಕೊಳ್ಳಬೇಕು.

ಕಾಯುವ ಸಾಲಿಗೂ ಒಂದು ಗಣಿತವಿದೆ. ಗ್ರಾಹಕರು ಹೊತ್ತುಗೊತ್ತಿಲ್ಲದೆ ಬರುವ, ಒಬ್ಬೊಬ್ಬರ ಕೆಲಸಕ್ಕೂ ಹೆಚ್ಚುಕಡಿಮೆ ಸಮಯ ಹಿಡಿಯುವ, ಒಬ್ಬರೇ ಸೇವೆ ಕೊಡುವ ಕೌಂಟರ್ ಎಂದಿಟ್ಟುಕೊಳ್ಳಿ. ಆ ವ್ಯಕ್ತಿಗೆ ಶೇ. 80ರಷ್ಟು ಹೊತ್ತು ಕೆಲಸವಿದ್ದರೆ, ಸಾಲಿನಲ್ಲಿದ್ದವರು ಸರಾಸರಿ ಒಂದು ಕೆಲಸಕ್ಕೆ ಹಿಡಿಯುವ ಸಮಯದ ನಾಲ್ಕು ಪಟ್ಟು ಕಾಯುತ್ತಾರೆ. ಶೇ. 90 ಆದರೆ ಒಂಬತ್ತು ಪಟ್ಟು, ಶೇ. 95 ಆದರೆ ಹತ್ತೊಂಬತ್ತು. ವಾರ್ಡ್ ಇಷ್ಟು ಸರಳವಲ್ಲ, ಅಲ್ಲಿ ಅಂಕಿಗಳು ಬೇರೆಯಾಗುತ್ತವೆ. ಆದರೂ ಬಿಡುವು ಕರಗಿದ ಹಾಗೆ ಕಾಯುವಿಕೆ ಒಮ್ಮೆಲೇ ಏರುವುದು ಅಲ್ಲಿಯೂ ಉಂಟು. ಕರೆಗಂಟೆ ಒತ್ತಿ ಮಲಗಿರುವ ಅಜ್ಜಿಗೆ ಇದರ ಅನುಭವ ಆಗುತ್ತಲೇ ಇರುತ್ತದೆ.

ಹುದ್ದೆ ಎಂದೂ ಕಡಿಮೆ ಮಾಡಬಾರದು ಎಂದು ನಾನು ಹೇಳುವುದಿಲ್ಲ. ರೋಗಿಗಳೇ ಕಡಿಮೆಯಾದ ವಿಭಾಗದಲ್ಲಿ ನಿವೃತ್ತರಾದವರ ಜಾಗ ತುಂಬದಿರಬಹುದು. ಅದನ್ನು ಬೇರೆಯಾಗಿ, ಬೇರೆ ಹೆಸರಿನಲ್ಲಿ ಮಾಡಿ. ಸಿಯಾಟಲ್‌ನ ವರ್ಜೀನಿಯಾ ಮೇಸನ್ ಆಸ್ಪತ್ರೆಯ ಹಿರಿಯರು 2002ರಲ್ಲಿ ಜಪಾನಿಗೆ ಹೋಗಿ ಟೊಯೊಟಾ ಪದ್ಧತಿ ಕಲಿತು ಬಂದಾಗ, ಈ ಸುಧಾರಣೆಯಿಂದ ಯಾರ ಕೆಲಸವೂ ಹೋಗುವುದಿಲ್ಲವೆಂದು ಮಾತು ಕೊಟ್ಟರು. ರೋಗಿಗೆ ಅಪಾಯ ಕಂಡರೆ ಯಾವ ನೌಕರರಾದರೂ ಎಚ್ಚರಿಕೆ ಕೊಟ್ಟು ಕೆಲಸ ನಿಲ್ಲಿಸಬಹುದು ಎಂಬ ಏರ್ಪಾಟನ್ನೂ ತಂದರು. ಟೊಯೊಟಾ ಸಮೂಹಕ್ಕೆ ಬುನಾದಿ ಹಾಕಿದ ಸಕಿಚಿ ಟೊಯೊಡಾ ಅವರ ಮಗ್ಗ ನೂಲು ಕಡಿದ ಕೂಡಲೇ ತಾನಾಗಿ ನಿಲ್ಲುತ್ತಿತ್ತಲ್ಲ, ಆ ಬುದ್ಧಿಯೇ ಇದು. ಕೈ ಎತ್ತಿ "ಇಲ್ಲಿ ತಪ್ಪಿದೆ" ಎನ್ನುವವರಿಗೆ ಮನೆಗೆ ಹೋಗುವ ಭಯವಿದ್ದರೆ ಯಾರು ಕೈ ಎತ್ತುತ್ತಾರೆ?

ಆ ವಾರ್ಡಿನಲ್ಲಿ ಮಂಗಳೂರಿನ ಸಿಸ್ಟರ್ ಒಬ್ಬರಿದ್ದರು. ಕೀಲಿಯ ವಿಷಯ ನನಗೆ ಮೊದಲು ಹೇಳಿದವರೇ ಅವರು. ಹುದ್ದೆ ಹೋದ ವಾರ ಅವರು ಸಿಟ್ಟು ಮಾಡಲಿಲ್ಲ. "ಎಂತ ಸರ್, ಕೆಲಸಕ್ಕೆ ಮದ್ದು ಮಾಡಿ ಅಂತ ನಾವು ಹೇಳಿದ್ದು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಲ್ಲ" ಎಂದಷ್ಟೇ ಹೇಳಿ ಟ್ರಾಲಿ ತಳ್ಳಿಕೊಂಡು ಹೋದರು. ಉತ್ತರ ಕೊಡಲು ನನ್ನಲ್ಲಿ ಮಾತಿರಲಿಲ್ಲ.

ಈಗ ಒಪ್ಪಂದಕ್ಕೆ ಸಹಿ ಹಾಕುವ ಮೊದಲು, ಉಳಿದ ಸಮಯ ರೋಗಿಗಳಿಗೇ ಸಲ್ಲಬೇಕು ಎಂಬ ಸಾಲನ್ನು ಬರೆಸಿಕೊಳ್ಳುತ್ತೇನೆ. ಒಪ್ಪದವರ ಕೆಲಸ ಬಿಟ್ಟದ್ದೂ ಇದೆ.

ಆರು ತಿಂಗಳ ನಂತರ ಆ ವಾರ್ಡಿಗೆ ಮತ್ತೆ ಹೋಗಿದ್ದೆ. ಕೀಲಿಗೆಂದು ಹೊಡೆದಿದ್ದ ಕೊಕ್ಕೆ ಗೋಡೆಯಲ್ಲಿ ಖಾಲಿಯಿತ್ತು. ಕೀಲಿ ಯಾರ ಜೇಬಿನಲ್ಲಿದೆ ಎಂದು ಒಬ್ಬ ಹೊಸ ಹುಡುಗಿ ಕೇಳುತ್ತಾ ಓಡುತ್ತಿದ್ದಳು.