ಕಾಲಡಿಯ ಹಿಮ ಎಲ್ಲಿಗೆ ಹೋಗಬೇಕು? ಸ್ನೋಮೊಬೈಲ್ ಫುಟ್‌ಬೋರ್ಡಿನ ಹಿನ್ನೆಲೆ

ಮನಾಲಿಗೋ ಗುಲ್ಮಾರ್ಗ್‌ಗೋ ಪ್ರವಾಸ ಹೋಗಿ ಬಂದ ಹಾಸನ, ಚಿಕ್ಕಮಗಳೂರು ಕಡೆಯವರ ಫೋನಿನಲ್ಲಿ ಒಂದು ಫೋಟೋ ಇದ್ದೇ ಇರುತ್ತದೆ. ಬಾಡಿಗೆ ಕೋಟು, ಬಾಡಿಗೆ ಬೂಟು ಹಾಕಿಕೊಂಡು ಸ್ನೋ ಸ್ಕೂಟರ್, ಅಂದರೆ ಹಿಮದ ಮೇಲೆ ಓಡುವ ಸ್ನೋಮೊಬೈಲ್ ಮೇಲೆ ಡ್ರೈವರ್ ಹಿಂದೆ ಕೂತಿರುವ ಫೋಟೋ. ಅದನ್ನು ಸ್ವಲ್ಪ ದೊಡ್ಡದು ಮಾಡಿ ಕಾಲಿನ ಹತ್ತಿರ ನೋಡಿ. ಬೂಟಿನ ಕೆಳಗೆ, ಸೀಟಿನ ಎರಡೂ ಪಕ್ಕದಲ್ಲಿ ಉದ್ದಕ್ಕೆ ಒಂದು ಪಟ್ಟಿ ಇರುತ್ತದೆ. ಎಷ್ಟೋ ಸಲ ಹಿಮ ಮೆತ್ತಿಕೊಂಡು ಅದು ಸರಿಯಾಗಿ ಕಾಣಿಸುವುದೂ ಇಲ್ಲ. ಅದೇ ರನ್ನಿಂಗ್ ಬೋರ್ಡ್, ಅಂದರೆ ಫುಟ್‌ಬೋರ್ಡ್.

ಈ ಪಟ್ಟಿಯ ಮೇಲೆ ಕಾಲು ಜಾರದ ಹಾಗೆ ಮಾಡೋಕೆ ಸವಾರರೂ ಕಂಪನಿಗಳೂ ಹಲವು ದಶಕ ತಲೆ ಕೆಡಿಸಿಕೊಂಡಿದ್ದಾರೆ. ಮಳೆಗಾಲವಿಡೀ ಕೆಸರುಗಾಲಲ್ಲಿ ಜೀಪು ಹತ್ತಿ ಇಳಿಯುವ ನಮ್ಮ ಮೂಡಿಗೆರೆ, ಸಕಲೇಶಪುರದವರು ಈ ವಿಷಯ ತಿಳಿದುಕೊಳ್ಳಲೇಬೇಕು ಅನ್ನೋದು ನನ್ನ ಅಭಿಪ್ರಾಯ. ಅಲ್ಲಿ ಹಿಮ, ಇಲ್ಲಿ ಕೆಸರು, ಅಷ್ಟೇ ವ್ಯತ್ಯಾಸ. ಕಾಲು ಜಾರುವ ರೀತಿ ಹೆಚ್ಚುಕಡಿಮೆ ಒಂದೇ.

ಮೊದಮೊದಲ ದೊಡ್ಡ ಗಾಡಿಗಳಲ್ಲಿ ಈ ಸಮಸ್ಯೆ ಇರಲೇ ಇಲ್ಲ. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ವಾಲ್ಕೋರ್ ಅಂತ ಒಂದು ಸಣ್ಣ ಊರು. ಅಲ್ಲಿ ಗ್ಯಾರೇಜ್ ಇಟ್ಟುಕೊಂಡಿದ್ದ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೇ ಹುಡುಗನಾಗಿದ್ದಾಗಿನಿಂದಲೇ ಹಿಮದ ಮೇಲೆ ಓಡುವ ಗಾಡಿಯ ಹಿಂದೆ ಬಿದ್ದವರು. 1934ರ ಚಳಿಗಾಲದಲ್ಲಿ ಅವರ ಎರಡು ವರ್ಷದ ಮಗುವಿಗೆ ಕಾಯಿಲೆಯಾಯಿತು, ರಸ್ತೆಯೆಲ್ಲ ಹಿಮ ಮುಚ್ಚಿತ್ತು, ಆಸ್ಪತ್ರೆ ಮುಟ್ಟಿಸೋಕೆ ಆಗದೆ ಮಗು ತೀರಿಹೋಯಿತು. 1937ರಲ್ಲಿ ಅವರ ಟ್ರ್ಯಾಕ್ (ಗಾಡಿಯನ್ನು ಮುಂದೆ ತಳ್ಳುವ, ಸುತ್ತುವ ಪಟ್ಟಿ) ವ್ಯವಸ್ಥೆಗೆ ಪೇಟೆಂಟ್ ಸಿಕ್ಕಿತು. ಏಳು ಜನ ಕೂರುವ ಬಿ7 ಬಂತು, ಆಮೇಲೆ ಹನ್ನೆರಡು ಜನ ಕೂರುವ ಬಿ12. ವೈದ್ಯರು, ಅಂಚೆಯವರು, ಶಾಲೆ ಮಕ್ಕಳು ಎಲ್ಲರೂ ಇದರಲ್ಲೇ ಓಡಾಡಿದರು. ಇವೆಲ್ಲ ಬಾಗಿಲು, ಕಿಟಕಿ ಇರುವ ಮುಚ್ಚಿದ ಗಾಡಿಗಳು. ಕಾಲು ಒಳಗೆ ಬೆಚ್ಚಗಿರುತ್ತಿತ್ತು.

ಕಾಲು ಹೊರಗೆ ಬಂದಿದ್ದು ಒಬ್ಬಿಬ್ಬರು ಕೂರುವ ಸಣ್ಣ ಗಾಡಿಗಳಲ್ಲಿ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಕಾರ್ಲ್ ಎಲಿಯಾಸನ್ 1924ರಲ್ಲೇ ಜಾರುಬಂಡಿಗೆ ಎಂಜಿನ್ ಕೂರಿಸಿದ್ದರು. 1956ರಲ್ಲಿ ಮಿನ್ನೆಸೋಟಾದ ರೋಸೋ ಊರಿನಲ್ಲಿ ಪೊಲಾರಿಸ್ ಕಂಪನಿಯ ಮೊದಲ ಸ್ನೋಮೊಬೈಲ್ ತಯಾರಾಯಿತು. 1959ರಲ್ಲಿ ಬೊಂಬಾರ್ಡಿಯೇ ಅವರ ಸ್ಕೀಡೂ ಬಂತು. ಹಗುರವಾದ ಸಣ್ಣ ಎಂಜಿನ್, ಅಗಲದ ರಬ್ಬರ್ ಟ್ರ್ಯಾಕ್, ಮುಂದೆ ಹಿಮದ ಮೇಲೆ ಜಾರುವ ಎರಡು ಸ್ಕೀ ಪಟ್ಟಿ. ಜನ ಮುಗಿಬಿದ್ದರು. 1971ರ ಹೊತ್ತಿಗೆ ಉತ್ತರ ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 5 ಲಕ್ಷ ಸ್ನೋಮೊಬೈಲ್ ಮಾರಾಟವಾಗುತ್ತಿದ್ದವು.

ಇಲ್ಲಿ ಗಾಡಿಯ ರಚನೆ ಸ್ವಲ್ಪ ಗಮನಿಸಬೇಕು. ಸೀಟಿನ ಕೆಳಗೆ ಬೋರಲು ಹಾಕಿದ ತೊಟ್ಟಿಯ ಹಾಗೆ ಒಂದು ತಗಡಿನ ಪೆಟ್ಟಿಗೆ ಇರುತ್ತದೆ. ಅದಕ್ಕೆ ಟನಲ್ ಅನ್ನುತ್ತಾರೆ. ಟ್ರ್ಯಾಕ್ ಸುತ್ತುವುದು ಅದರೊಳಗೆ. ಆ ತಗಡಿನ ಕೆಳಗಿನ ಎರಡು ಅಂಚನ್ನು ಹೊರಗೆ ಮಡಚಿದರೆ ಫುಟ್‌ಬೋರ್ಡ್ ಆಯಿತು. ಎಷ್ಟೋ ಗಾಡಿಗಳಲ್ಲಿ ಫುಟ್‌ಬೋರ್ಡ್ ಅಂದರೆ ಇಷ್ಟೇ. ಕಾಲು ಎಲ್ಲಾದರೂ ಇಡಬೇಕಲ್ವಾ, ಇಲ್ಲಿ ಇಡಿ, ಅನ್ನೋ ಲೆಕ್ಕ. ಮೇಲೆ ಒಂದು ರಬ್ಬರ್ ಮ್ಯಾಟ್ ಅಂಟಿಸುತ್ತಿದ್ದರು, ಇಲ್ಲವೇ ತಗಡಿನಲ್ಲೇ ಒಂದಿಷ್ಟು ಉಬ್ಬು ಮೂಡಿಸುತ್ತಿದ್ದರು. ಅದು ತಪ್ಪು ಅಂತ ಹೇಳೋಕಾಗಲ್ಲ. ಆಗಿನ ಸವಾರಿ ಗಟ್ಟಿ ಮಾಡಿದ ಹಿಮದ ದಾರಿಯಲ್ಲಿ, ಕೂತುಕೊಂಡು. ಮೈಭಾರ ಸೀಟಿನ ಮೇಲಿರುವಾಗ ಕಾಲಿಗೆ ಹಿಡಿತ ಕಡಿಮೆಯಾದರೂ ನಡೆಯುತ್ತಿತ್ತು.

ನಡೆಯದೇ ಹೋಗಿದ್ದು ಬೆಟ್ಟ ಹತ್ತೋಕೆ ಶುರು ಮಾಡಿದ ಮೇಲೆ. 90ರ ದಶಕದಲ್ಲಿ ಟ್ರ್ಯಾಕ್‌ಗಳು ಉದ್ದವಾದವು, ಅದರ ಮೇಲಿನ ರಬ್ಬರ್ ಹಲ್ಲುಗಳು ಎತ್ತರವಾದವು. ಈಗ ಬೆಟ್ಟದ ಗಾಡಿಗಳಲ್ಲಿ ಎರಡೂವರೆ, ಮೂರು ಇಂಚಿನ ಹಲ್ಲುಗಳೂ ಇವೆ. ಸೊಂಟದವರೆಗೆ ಹೂತುಹೋಗುವ ಪುಡಿ ಹಿಮದಲ್ಲೂ ಗಾಡಿ ಏರುತ್ತದೆ. ಆದರೆ ಅಮೆರಿಕದ ಕೊಲೊರಾಡೊ, ವ್ಯೋಮಿಂಗ್, ಕೆನಡಾದ ಬ್ರಿಟಿಷ್ ಕೊಲಂಬಿಯಾದ ಇಳಿಜಾರುಗಳಲ್ಲಿ ಕೂತು ಓಡಿಸೋಕೆ ಆಗುವುದಿಲ್ಲ. ನಿಲ್ಲಬೇಕು. ಬೆಟ್ಟದ ಪಕ್ಕೆಗೆ ಅಡ್ಡವಾಗಿ ಹೋಗುವಾಗ ಸವಾರ ಎರಡೂ ಕಾಲನ್ನು ಮೇಲ್ಬದಿಯ ಫುಟ್‌ಬೋರ್ಡಿನ ಮೇಲೇ ಇಟ್ಟು, ಮೈಭಾರವನ್ನೆಲ್ಲ ಅಲ್ಲಿಗೆ ಹಾಕಿ, ಗಾಡಿಯನ್ನು ಬೆಟ್ಟದ ಕಡೆಗೆ ವಾಲಿಸಿಕೊಂಡೇ ಓಡಿಸುತ್ತಾನೆ. ಆ ಹೊತ್ತಿನಲ್ಲಿ ಹ್ಯಾಂಡಲ್‌ಗಿಂತ ಕಾಲೇ ಜಾಸ್ತಿ ಕೆಲಸ ಮಾಡುತ್ತಿರುತ್ತದೆ. 2003ರ ಮಾದರಿಯಾಗಿ ಬಂದ ಸ್ಕೀಡೂ ರೆವ್ ಸವಾರನನ್ನು ಮುಂದಕ್ಕೆ ತಂದು ಕೂರಿಸಿತು, ಎದ್ದು ನಿಲ್ಲುವುದು ಇನ್ನೂ ಸಲೀಸಾಯಿತು. ಬೇರೆ ಕಂಪನಿಗಳೂ ಅದೇ ದಾರಿ ಹಿಡಿದವು. ಹೀಗೆ, ತಗಡಿನ ಅಂಚು ಮಡಚಿ ಬಿಟ್ಟಿದ್ದ ಜಾಗದ ಮೇಲೆ ಮನುಷ್ಯನ ಪೂರ್ತಿ ಭಾರ, ಪೂರ್ತಿ ನಿಯಂತ್ರಣ ಬಂದು ನಿಂತಿತು.

ಅಲ್ಲಿ ನಿಂತಾಗ ಏನಾಗುತ್ತದೆ ಅಂತ ನೋಡಿ. ಮುಂದಿನ ಸ್ಕೀ ಚಿಮ್ಮಿಸಿದ ಹಿಮ ಬಂದು ಫುಟ್‌ಬೋರ್ಡಿನ ಮೇಲೆ ಬೀಳುತ್ತದೆ. ಬರೀ ಪುಡಿ ಹಿಮವಾದರೆ ಉದುರಿ ಹೋಗುತ್ತಿತ್ತೇನೋ. ಆದರೆ ನೀರಿನಿಂದ ತಣಿಯುವ ಎಂಜಿನ್‌ಗಳಲ್ಲಿ ಕೂಲಂಟ್‌ನ (ಎಂಜಿನ್ ತಣಿಸುವ ದ್ರವದ) ಬಿಸಿ ಕಳೆಯುವ ಹೀಟ್ ಎಕ್ಸ್‌ಚೇಂಜರ್ ಇರುವುದು ಟನಲ್ಲಿನ ಒಳಮೈಯಲ್ಲಿ. ಅಲ್ಯೂಮಿನಿಯಂ ತಗಡಿಗೆ ಶಾಖ ಬೇಗ ಹರಡುತ್ತದೆ. ಟನಲ್ಲಿಗೆ ತಾಗಿದ ಹಿಮ ಕರಗಿ ನೀರಾಗುತ್ತದೆ, ಆ ನೀರು ತಣ್ಣಗಿರುವ ಹೊರ ಅಂಚಿಗೆ ಹರಿದು ಮತ್ತೆ ಗಡ್ಡೆ ಕಟ್ಟುತ್ತದೆ. ಮೇಲಿಂದ ಬೂಟು ತುಳಿದು ತುಳಿದು ಅದನ್ನು ಒತ್ತುತ್ತದೆ. ಸ್ವಲ್ಪ ಹೊತ್ತಿಗೆ ಮ್ಯಾಟಿನ ಗೆರೆಗಳು, ತಗಡಿನ ಉಬ್ಬುಗಳು ಎಲ್ಲ ಮುಚ್ಚಿಹೋಗುತ್ತವೆ. ನಡುವೆ ದಿಬ್ಬ, ಅಂಚಿಗೆ ಇಳಿಜಾರು, ಮೇಲ್ಮೈ ಗಾಜಿನಷ್ಟು ನುಣುಪು. ಅದರ ಮೇಲೆ ನಿಂತು ವಾಲಿದರೆ ಕಾಲು ಸೀದಾ ಹೊರಗೆ.

ಇದಕ್ಕೆ ಮೊದಲು ಹೊಳೆದ ಮದ್ದು, ಮೇಲ್ಮೈಯನ್ನು ಇನ್ನಷ್ಟು ಒರಟು ಮಾಡುವುದು. ಉಪ್ಪುಕಾಗದದಂಥ ಟೇಪ್ ಅಂಟಿಸಿದರು. ಹಲ್ಲು ಹಲ್ಲಿನ ಅಲ್ಯೂಮಿನಿಯಂ ಪಟ್ಟಿಗಳನ್ನು ರಿವೆಟ್ ಹೊಡೆದು ಕೂರಿಸಿದರು. ಸಣ್ಣ ಸ್ಕ್ರೂಗಳನ್ನು ಸಾಲಾಗಿ ಹಾಕಿದರು. ಮೊದಲ ಅರ್ಧ ಗಂಟೆ ಎಲ್ಲವೂ ಚೆನ್ನ. ಹಿಮ ತುಂಬಿತೋ, ಟೇಪಿನ ಒರಟುತನ ಗಡ್ಡೆಯ ಕೆಳಗೆ ಹೂತುಹೋಯಿತು. ಎತ್ತರದ ಹಲ್ಲುಗಳು ಸ್ವಲ್ಪ ಜಾಸ್ತಿ ಹೊತ್ತು ತಡೆದವು, ಆದರೆ ಆ ಹಲ್ಲುಗಳ ಸಂದಿಯೇ ಹಿಮಕ್ಕೆ ಗಟ್ಟಿಯಾಗಿ ಹಿಡಿದು ಕೂರೋಕೆ ಜಾಗ ಕೊಟ್ಟಿತು. ಎಲ್ಲಕ್ಕಿಂತ ಮುಖ್ಯವಾದ ಪಾಠ ಇದೇ ಅಂತ ನಾನು ತಿಳಿದಿದ್ದೇನೆ. ಹಿಡಿತದ ಪ್ರಶ್ನೆ ಎರಡನೆಯದು. ಬಿದ್ದ ಹಿಮ ಎಲ್ಲಿಗೆ ಹೋಗಬೇಕು ಅನ್ನುವುದು ಮೊದಲನೆಯದು. ಹೋಗೋಕೆ ದಾರಿ ಇಲ್ಲದಿದ್ದರೆ ಎಷ್ಟು ಒರಟು ಮಾಡಿದರೂ ಸುಮ್ನೆ.

ದಾರಿ ಮಾಡಿಕೊಟ್ಟವರಲ್ಲಿ ಸವಾರರೇ ಮುಂದು. ಡ್ರಿಲ್ಲಿಗೆ ಹೋಲ್ ಸಾ (ದೊಡ್ಡ ತೂತು ಕೊರೆಯುವ ದುಂಡನೆಯ ಗರಗಸ) ಸಿಕ್ಕಿಸಿ ಫುಟ್‌ಬೋರ್ಡಿನ ಉದ್ದಕ್ಕೂ ತೂತು ಕೊರೆದರು. ಫುಟ್‌ಬೋರ್ಡ್ ಇರುವುದು ಟ್ರ್ಯಾಕಿನ ಹೊರಪಕ್ಕದಲ್ಲಿ, ಅದರ ಕೆಳಗೆ ಖಾಲಿ ಜಾಗ. ಹಾಗಾಗಿ ಬೂಟು ಒತ್ತಿದಾಗ ಹಿಮ ತೂತಿನಿಂದ ಕೆಳಗೆ ಉದುರುತ್ತದೆ. ಮೊದಲು ಗಡ್ಡೆ ಕಟ್ಟೋಕೆ ಕಾರಣವಾಗಿದ್ದ ಅದೇ ತುಳಿತ ಈಗ ಸ್ವಚ್ಛ ಮಾಡುವ ಕೆಲಸಕ್ಕೆ ಬಂತು. ಮುಂದಿನ ಹೆಜ್ಜೆ, ತೂತಿನ ಅಂಚನ್ನು ಮೇಲಕ್ಕೆ ಎಬ್ಬಿಸುವುದು. ಡೈ, ಅಂದರೆ ಅಚ್ಚು ಇಟ್ಟು ಒತ್ತಿದರೆ ತೂತಿನ ಸುತ್ತ ಒಂದು ತುಟಿ ಏಳುತ್ತದೆ. ಆ ತುಟಿ ಬೂಟಿನ ಅಟ್ಟೆಯನ್ನು ಕಚ್ಚುತ್ತದೆ, ಜೊತೆಗೆ ತಗಡಿಗೆ ಬಿಗಿಯನ್ನೂ ಕೊಡುತ್ತದೆ. ಆಮೇಲೆ ಬಿಡಿಭಾಗ ಮಾಡುವ ಕಂಪನಿಗಳು ಹಳೆ ಫುಟ್‌ಬೋರ್ಡನ್ನೇ ಕತ್ತರಿಸಿ ತೆಗೆದು, ಅಲ್ಯೂಮಿನಿಯಂ ಪೈಪು, ಹಲ್ಲಿನ ಪಟ್ಟಿಗಳ ಏಣಿಯಂಥ ಚೌಕಟ್ಟು ಕೂರಿಸುವ ಕಿಟ್ ಮಾರಿದವು. ಕೊನೆಗೆ ಕಾರ್ಖಾನೆಯಿಂದ ಬರುವ ಬೆಟ್ಟದ ಗಾಡಿಗಳೇ ದೊಡ್ಡ ದೊಡ್ಡ ಕಿಂಡಿಗಳ ಫುಟ್‌ಬೋರ್ಡ್ ಹಾಕಿಕೊಂಡು ಬರತೊಡಗಿದವು. ತೂಕವೂ ಕಡಿಮೆಯಾಯಿತು.

ಹಾಗಂತ ತೂತು ಕೊರೆದವರೆಲ್ಲ ಗೆದ್ದರು ಅಂತಲ್ಲ. ಫುಟ್‌ಬೋರ್ಡ್ ಟನಲ್ಲಿನದೇ ಭಾಗ ಅಂತ ಹೇಳಿದೆನಲ್ಲ, ಹಾಗಾಗಿ ಅದನ್ನು ದುರ್ಬಲ ಮಾಡಿದರೆ ಇಡೀ ಗಾಡಿಯ ಬೆನ್ನು ದುರ್ಬಲವಾಗುತ್ತದೆ. ಅಂಚಿಗೆ ತೀರಾ ಹತ್ತಿರ ಕೊರೆದ ಬೋರ್ಡು ಬಂಡೆಗೋ ಮರದ ಬುಡಕ್ಕೋ ತಾಗಿದರೆ ಮಡಚಿಕೊಳ್ಳುತ್ತದೆ. ಎತ್ತರದಿಂದ ಹಾರಿ ಬಿದ್ದರೂ ಅಷ್ಟೇ. ಅದಕ್ಕೇ ಕಿಂಡಿ ದೊಡ್ಡದು ಮಾಡಿದವರು ಹೊರ ಅಂಚಿಗೆ ಗಟ್ಟಿ ಪೈಪು ಕೊಡುತ್ತಾರೆ. ಚೂಪು ಹಲ್ಲು ಬೂಟಿನ ಅಟ್ಟೆ ತಿನ್ನುತ್ತದೆ, ಮೊಣಕಾಲೂರಿದರೆ ಬಟ್ಟೆ ಹರಿಯುತ್ತದೆ, ಚರ್ಮವೂ ಹೋಗುತ್ತದೆ. ಇನ್ನೊಂದು ತೊಂದರೆ, ಕೆಳಗೆ ಹೋಗೋಕೆ ದಾರಿ ಇದ್ದರೆ ಮೇಲೆ ಬರೋಕೂ ದಾರಿ ಇರುತ್ತದೆ. ಆಳ ಹಿಮದಲ್ಲಿ ಗಾಡಿ ಮುಳುಗಿದಾಗ ಕಿಂಡಿಗಳಿಂದ ಹಿಮ ಮೇಲಕ್ಕೆ ನುಗ್ಗುತ್ತದೆ.

ಈಗ ನಮ್ಮ ಕಡೆಗೆ ಬರೋಣ. ತೋಟದ ಜೀಪಿಗೆ, ಪಿಕಪ್‌ಗೆ ಹೆಚ್ಚಾಗಿ ಹಾಕಿಸುವುದು ಚೆಕ್ಕರ್ ಪ್ಲೇಟ್. ನೋಡೋಕೆ ಒರಟು, ಬೇಸಿಗೆಯಲ್ಲಿ ಕಾಲಿಗೆ ಚೆನ್ನಾಗಿ ಸಿಗುತ್ತದೆ. ಆದರೆ ಅದರ ಉಬ್ಬು ಒಂದೆರಡು ಮಿಲಿಮೀಟರ್ ಮಾತ್ರ. ಜುಲೈ ತಿಂಗಳಲ್ಲಿ ಬೋರ್ಡೋ ಔಷಧಿ ಹೊಡೆಯೋಕೆ, ಕಳೆ ತೆಗೆಯೋಕೆ ಅಂತ ಆಳುಗಳು ಹತ್ತಿ ಇಳಿಯುವಾಗ ಗಮ್‌ಬೂಟಿನ ಕೆಮ್ಮಣ್ಣು ಆ ಉಬ್ಬುಗಳ ನಡುವೆ ತುಂಬಿ, ಮಳೆ ನೀರು ಬಿದ್ದು, ಲೋಳೆ ಕಟ್ಟಿ ಕೂತಿರುತ್ತದೆ. ಮೊದಲು ಹತ್ತಿದವರಿಗೆ ತೊಂದರೆ ಇಲ್ಲ, ಜಾರುವುದು ಆಮೇಲೆ ಹತ್ತುವವರಿಗೆ. ಕೈಯಲ್ಲಿ ಕತ್ತಿಯೋ ಕ್ಯಾನೋ ಹಿಡಿದ ಹೆಂಗಸರು ಆ ಮೆಟ್ಟಿಲಲ್ಲಿ ಜಾರಿ ಮೊಣಕಾಲು ಜಜ್ಜಿಕೊಳ್ಳುವುದನ್ನು ತೋಟಗಳಲ್ಲಿ ಯಾರೂ ದೊಡ್ಡ ವಿಷಯ ಅಂತ ನೋಡುವುದಿಲ್ಲ. ನೋಡಬೇಕು. ಕಮ್ಮಿ ಖರ್ಚಿನಲ್ಲಿ ಸರಿಹೋಗುವ ವಿಷಯ ಇದು.

ಮೂಡಿಗೆರೆಯ ಒಂದು ವೆಲ್ಡಿಂಗ್ ಶಾಪಿನಲ್ಲಿ ಹಳೆ ಜೀಪಿಗೆ ಮೆಟ್ಟಿಲು ಮಾಡುವುದನ್ನು ನಿಂತು ನೋಡಿದ್ದೇನೆ. ಆತ ಪ್ಲೇಟನ್ನೇ ಹಾಕಲಿಲ್ಲ. ಎರಡು ಆಂಗಲ್ ನಡುವೆ ಚಪ್ಪಟೆ ಪಟ್ಟಿಗಳನ್ನು ನಿಲ್ಲಿಸಿ, ನಡುವೆ ಹೆಬ್ಬೆರಳು ತೂರುವಷ್ಟು ಸಂದಿ ಬಿಟ್ಟು ಬೆಸುಗೆ ಹಾಕಿದ. ಆಮೇಲೆ ಗ್ರೈಂಡರ್ ತಗೊಂಡು ಪಟ್ಟಿಯ ಮೇಲಂಚಿಗೆ ಅಲ್ಲಲ್ಲಿ ಸಣ್ಣ ಕಚ್ಚು ಹಾಕಿದ. ಬೂಟಿನ ಅಟ್ಟೆಯನ್ನು ಅದರ ಮೇಲೆ ಒಂದು ಸಲ ಎಳೆದರೆ ಮಣ್ಣು ಕೆರೆದು ಕೆಳಗೆ ಬೀಳುತ್ತದೆ, ಕಾಲು ಕಚ್ಚಿ ನಿಲ್ಲುತ್ತದೆ. ಕೊಲೊರಾಡೊದ ಬೆಟ್ಟದ ಸವಾರ ಹೋಲ್ ಸಾ ಹಿಡಿದು ಕಂಡುಕೊಂಡಿದ್ದೂ ಇದನ್ನೇ. ಮೋಟೋಕ್ರಾಸ್ ಬೈಕುಗಳ ಫುಟ್‌ರೆಸ್ಟ್ ನೋಡಿದವರಿಗೂ ಇದು ಹೊಸದಲ್ಲ, ಅಲ್ಲೂ ರಬ್ಬರ್ ಇಲ್ಲ, ನಡುವೆ ಟೊಳ್ಳು, ಸುತ್ತ ಹಲ್ಲು.

ಮಾಡಿಸುವವರಿಗೆ ಒಂದೆರಡು ಮಾತು. ಸಂದಿ ತೀರಾ ಸಣ್ಣದಾದರೆ ನಮ್ಮ ಅಂಟು ಮಣ್ಣು ಇಳಿಯುವುದಿಲ್ಲ, ತೀರಾ ದೊಡ್ಡದಾದರೆ ಬರಿಗಾಲಿನ ಮಕ್ಕಳ ಬೆರಳು ಸಿಕ್ಕಿಕೊಳ್ಳುತ್ತದೆ. ಚಪ್ಪಲಿ, ಬರಿಗಾಲಿನವರೂ ಹತ್ತುವ ಗಾಡಿಯಾದರೆ ಕಚ್ಚಿನ ಚೂಪನ್ನು ಫೈಲ್ ಹಾಕಿ ಮುರಿಯಿರಿ. ಇರುವ ಪ್ಲೇಟಿಗೇ ತೂತು ಹೊಡೆಸುವುದಾದರೆ ಹೊರ ಅಂಚು ಮತ್ತು ಬೋಲ್ಟ್ ಕೂರುವ ಜಾಗವನ್ನು ಮುಟ್ಟಬೇಡಿ. ಇನ್ನು ಸ್ನೋಮೊಬೈಲಿನದು ಅಲ್ಯೂಮಿನಿಯಂ, ಅದಕ್ಕೆ ತುಕ್ಕಿನ ಭಯವಿಲ್ಲ. ನಮ್ಮದು ಕಬ್ಬಿಣ, ಕೊರೆದ ಪ್ರತಿಯೊಂದು ತೂತಿನ ಒಳ ಅಂಚೂ ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ. ಮೇ ತಿಂಗಳಲ್ಲೇ ಕೆಲಸ ಮುಗಿಸಿ, ರೆಡ್ ಆಕ್ಸೈಡ್ ಎರಡು ಕೋಟ್ ಹೊಡೆಸಿ, ತೂತುಗಳ ಒಳಗೂ ಬ್ರಷ್ ಹೋಗಿದೆಯಾ ಅಂತ ನೀವೇ ಬಗ್ಗಿ ನೋಡಿ.