ಅಳಿಯ ಯಾವ ಪಕ್ಷದವನು?

1960ರಲ್ಲಿ ಅಮೆರಿಕದ ಜನರಿಗೆ ಸಮೀಕ್ಷೆಯೊಂದರಲ್ಲಿ ಒಂದು ಪ್ರಶ್ನೆ ಕೇಳಿದ್ದರು. ನಿಮ್ಮ ಮಗನೋ ಮಗಳೋ ಎದುರು ಪಕ್ಷದವರನ್ನು ಮದುವೆಯಾದರೆ ನಿಮಗೆ ಬೇಜಾರಾಗುತ್ತದೆಯೇ? ಹೌದು ಎಂದವರು ರಿಪಬ್ಲಿಕನ್ನರಲ್ಲಿ ಶೇ 5, ಡೆಮಾಕ್ರಾಟರಲ್ಲಿ ಶೇ 4. ಹೆಚ್ಚುಕಡಿಮೆ ಅದೇ ಪ್ರಶ್ನೆಯನ್ನು 2010ರಲ್ಲಿ ಕೇಳಿದಾಗ ರಿಪಬ್ಲಿಕನ್ನರಲ್ಲಿ ಸುಮಾರು ಅರ್ಧದಷ್ಟು ಜನ, ಡೆಮಾಕ್ರಾಟರಲ್ಲಿ ಮೂರರಲ್ಲೊಬ್ಬರು ಬೇಜಾರಾಗುತ್ತದೆ ಎಂದರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಾಂತೋ ಅಯ್ಯಂಗಾರ್ ಮತ್ತು ಸಂಗಡಿಗರು 2012ರಲ್ಲಿ ಈ ಎರಡು ಲೆಕ್ಕಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದರು. ತೆರಿಗೆ, ಸರ್ಕಾರಿ ಖರ್ಚು ಮುಂತಾದವುಗಳ ಬಗ್ಗೆ ಸಾಮಾನ್ಯ ಮತದಾರರ ಅಭಿಪ್ರಾಯಗಳು ಇಷ್ಟೊಂದು ದೂರ ಸರಿದಿರಲಿಲ್ಲ. ಎದುರಿನವರನ್ನು ಕಂಡರೆ ಆಗದು ಎಂಬ ಭಾವನೆ ಮಾತ್ರ ಬೆಳೆಯುತ್ತಲೇ ಇತ್ತು.

ಇದು ಹೇಗಾಯಿತು ಎಂದು ತಿಳಿಯಲು ಇನ್ನೂ ಸ್ವಲ್ಪ ಹಿಂದಕ್ಕೆ ಹೋಗಬೇಕು. 1950ರಲ್ಲಿ ಅಮೆರಿಕದ ರಾಜ್ಯಶಾಸ್ತ್ರಜ್ಞರ ಸಂಘದ ಸಮಿತಿಯೊಂದು ವರದಿ ಕೊಟ್ಟಿತು. ಅದರ ದೂರು ಏನಿತ್ತು ಗೊತ್ತಾ? ಎರಡು ಪಕ್ಷಗಳ ನಡುವೆ ಸರಿಯಾದ ವ್ಯತ್ಯಾಸವೇ ಇಲ್ಲ, ಮತದಾರ ಏನು ನೋಡಿ ಆರಿಸಬೇಕು ಎಂದು! ದೂರಿನಲ್ಲಿ ಸತ್ಯವಿತ್ತು. ದಕ್ಷಿಣದಲ್ಲಿ ಕಪ್ಪು ಜನರನ್ನು ಬೇರೆಯೇ ಇಡಬೇಕು ಎನ್ನುತ್ತಿದ್ದ ಬಿಳಿಯ ನಾಯಕರೂ ಡೆಮಾಕ್ರಾಟರು, ಉತ್ತರದ ನಗರಗಳಲ್ಲಿ ಕಪ್ಪು ಜನರ ಹಕ್ಕಿಗಾಗಿ ದನಿ ಎತ್ತಿದವರಲ್ಲಿ ಅನೇಕರೂ ಡೆಮಾಕ್ರಾಟರೇ. ರಿಪಬ್ಲಿಕನ್ನರಲ್ಲೂ ಉದಾರವಾದಿಗಳ ಗುಂಪಿತ್ತು. ಆ ಕಾಲವನ್ನು ಸುಮ್ನೆ ಹೊಗಳುವಂತಿಲ್ಲ. ದಕ್ಷಿಣದ ಕಪ್ಪು ಜನರಲ್ಲಿ ಬಹುತೇಕರಿಗೆ ಆಗ ಓಟು ಹಾಕಲೂ ಬಿಡುತ್ತಿರಲಿಲ್ಲ. ಪಕ್ಷಗಳ ಹೊಂದಾಣಿಕೆಗೆ ಬೆಲೆ ತೆತ್ತವರು ಅವರು.

ಅದೇ ಹೊತ್ತಿಗೆ ಮನಶ್ಶಾಸ್ತ್ರಜ್ಞರು ಬೇರೊಂದು ಕಡೆಯಿಂದ ಈ ವಿಷಯಕ್ಕೆ ಬಂದರು. 1951ರ ನವೆಂಬರ್ 23ರಂದು ಪ್ರಿನ್ಸ್‌ಟನ್ ಮತ್ತು ಡಾರ್ಟ್‌ಮತ್ ಎಂಬ ಎರಡು ಕಾಲೇಜುಗಳ ತಂಡಗಳ ನಡುವೆ ಅಮೆರಿಕನ್ ಫುಟ್‌ಬಾಲ್ ಪಂದ್ಯ ನಡೆಯಿತು. ಆಟ ಹೊಡೆದಾಟವೇ ಆಯಿತು. ಪ್ರಿನ್ಸ್‌ಟನ್‌ನ ಮುಖ್ಯ ಆಟಗಾರನ ಮೂಗು ಮುರಿಯಿತು, ಆಮೇಲೆ ಡಾರ್ಟ್‌ಮತ್‌ನ ಒಬ್ಬನ ಕಾಲು ಮುರಿಯಿತು. ಆಲ್ಬರ್ಟ್ ಹ್ಯಾಸ್ಟಾರ್ಫ್ ಮತ್ತು ಹ್ಯಾಡ್ಲಿ ಕ್ಯಾಂಟ್ರಿಲ್ ಎರಡೂ ಕಡೆಯ ವಿದ್ಯಾರ್ಥಿಗಳಿಗೆ ಅದೇ ಪಂದ್ಯದ ಫಿಲಂ ತೋರಿಸಿ, ಕಂಡ ತಪ್ಪುಗಳನ್ನು ಗುರುತು ಹಾಕಿ ಎಂದರು. ಡಾರ್ಟ್‌ಮತ್ ತಂಡದ ತಪ್ಪುಗಳು ಡಾರ್ಟ್‌ಮತ್ ವಿದ್ಯಾರ್ಥಿಗಳಿಗೆ ಎಷ್ಟು ಕಂಡವೋ, ಪ್ರಿನ್ಸ್‌ಟನ್‌ನವರಿಗೆ ಅದರ ಎರಡು ಪಟ್ಟಿಗಿಂತ ಜಾಸ್ತಿ ಕಂಡವು. ಡಾರ್ಟ್‌ಮತ್‌ನ ಹಳೆಯ ವಿದ್ಯಾರ್ಥಿಯೊಬ್ಬರಂತೂ ಫಿಲಂ ನೋಡಿದ ಮೇಲೆ, ಮುಖ್ಯ ಭಾಗವನ್ನೇ ಕತ್ತರಿಸಿದ್ದೀರಿ, ಅದನ್ನು ಕಳಿಸಿ ಎಂದು ತಂತಿ ಹೊಡೆದರು. ಜನ ಹೇಳುತ್ತಿದ್ದ ತಪ್ಪುಗಳು ಅವರಿಗೆ ಅದರಲ್ಲಿ ಕಾಣಿಸಿರಲೇ ಇಲ್ಲ. ಅವರು ಸುಳ್ಳು ಹೇಳಿರಲಿಲ್ಲ. ಅವರ ಕಣ್ಣಿಗೆ ಬಿದ್ದದ್ದೇ ಅಷ್ಟು.

ಕಾಲೇಜಿನ ಅಭಿಮಾನವಾದರೂ ವರ್ಷಗಟ್ಟಲೆ ಬೆಳೆದದ್ದು. ಏನೂ ಇಲ್ಲದ ಕಡೆ ಗುಂಪು ಕಟ್ಟಿದರೆ? ಇದನ್ನು ಕೇಳಿದವರು ಹೆನ್ರಿ ತಾಜ್‌ಫೆಲ್. ಪೋಲೆಂಡಿನ ಯಹೂದಿ. ಎರಡನೇ ಮಹಾಯುದ್ಧದಲ್ಲಿ ಫ್ರೆಂಚ್ ಸೇನೆ ಸೇರಿ, 1940ರಲ್ಲಿ ಜರ್ಮನ್ನರ ಕೈಗೆ ಸಿಕ್ಕಿ, ಯುದ್ಧ ಮುಗಿಯುವವರೆಗೆ ಸೆರೆ ಶಿಬಿರಗಳಲ್ಲಿದ್ದವರು. ಹೊರಗೆ ಬಂದಾಗ ಮನೆಮಂದಿಯಲ್ಲಿ ಹೆಚ್ಚುಕಡಿಮೆ ಯಾರೂ ಉಳಿದಿರಲಿಲ್ಲ. ಮುಂದೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಪ್ರಾಧ್ಯಾಪಕರಾದರು.

ಅಲ್ಲಿ 14–15 ವರ್ಷದ ಶಾಲಾ ಹುಡುಗರಿಗೆ ಪರದೆಯ ಮೇಲೆ ಚುಕ್ಕಿಗಳನ್ನು ತೋರಿಸಿ, ಎಷ್ಟಿವೆ ಎಂದು ಅಂದಾಜು ಮಾಡಿಸಿದರು. ನೀನು ಜಾಸ್ತಿ ಎಣಿಸುವವರ ಗುಂಪು, ನೀನು ಕಡಿಮೆ ಎಣಿಸುವವರ ಗುಂಪು ಎಂದು ಹೇಳಿದರು. ನಿಜವಾಗಿ ಹಂಚಿದ್ದು ಮನಬಂದಂತೆ. ಯಾರು ಯಾವ ಗುಂಪು ಎಂದು ಹುಡುಗರಿಗೆ ಒಬ್ಬರದೊಬ್ಬರಿಗೆ ಗೊತ್ತಿರಲಿಲ್ಲ. ಆಮೇಲೆ ಒಬ್ಬೊಬ್ಬರೂ ಬೇರೆ ಇಬ್ಬರಿಗೆ ಅಂಕ ಹಂಚಬೇಕಿತ್ತು, ಅಂಕಕ್ಕೆ ಒಂದಿಷ್ಟು ಕಾಸು. ಇದರ ಬೆನ್ನಿಗೇ ಮಾಡಿದ ಇಂಥದೇ ಇನ್ನೊಂದು ಪ್ರಯೋಗದಲ್ಲಿ ಕೊಟ್ಟಿದ್ದ ಪಟ್ಟಿಗಳಲ್ಲಿ ಒಂದು ಹೀಗಿತ್ತು: ಒಂದು ತುದಿಯಲ್ಲಿ ನಮ್ಮವನಿಗೆ 7, ಅವರವನಿಗೆ 1. ಇನ್ನೊಂದು ತುದಿಯಲ್ಲಿ ನಮ್ಮವನಿಗೆ 19, ಅವರವನಿಗೆ 25. ನಮ್ಮವನಿಗೆ ಲಾಭ ಆಗಲಿ ಎಂದರೆ 19 ಕೊಟ್ಟು ಸುಮ್ಮನಿರಬೇಕು, ಅಲ್ವಾ? ಆದರೆ ಹುಡುಗರ ಆಯ್ಕೆ ಆ ತುದಿಯಿಂದ ದೂರ ವಾಲಿತು. ನಮ್ಮವನಿಗೆ ಕಡಿಮೆ ಸಿಕ್ಕರೂ ಪರವಾಗಿಲ್ಲ, ಅವರವನಿಗಿಂತ ಮೇಲಿರಬೇಕು. 1970–71ರಲ್ಲಿ ಇದು ಪ್ರಕಟವಾಯಿತು. ಈ ವಿಷಯದಲ್ಲಿ ನನ್ನನ್ನು ಹೆಚ್ಚು ಕಲಕುವ ಪ್ರಯೋಗ ಇದೇ.

ಅಮೆರಿಕದಲ್ಲಿ ಆಗಲೇ ದೊಡ್ಡ ಬದಲಾವಣೆ ಶುರುವಾಗಿತ್ತು. ಕಪ್ಪು ಜನರ ಹಕ್ಕು ಕಾಯಲು 1964ರಲ್ಲಿ ನಾಗರಿಕ ಹಕ್ಕುಗಳ ಕಾಯ್ದೆ, 1965ರಲ್ಲಿ ಮತದಾನದ ಹಕ್ಕಿನ ಕಾಯ್ದೆ ಬಂದವು. ದಕ್ಷಿಣದ ಬಿಳಿಯರು ನಿಧಾನವಾಗಿ ರಿಪಬ್ಲಿಕನ್ ಕಡೆ ಸರಿದರು. ಮುಂದಿನ ದಶಕಗಳಲ್ಲಿ ಇವಾಂಜಲಿಕಲ್ ಚರ್ಚುಗಳವರೂ (ಬೈಬಲ್ಲಿನ ಮಾತೇ ಅಂತಿಮ ಎನ್ನುವ ಪ್ರಾಟೆಸ್ಟೆಂಟ್ ಕ್ರೈಸ್ತರು) ಅದೇ ಕಡೆ ಗಟ್ಟಿಯಾದರು. ಮಹಾನಗರಗಳು ಡೆಮಾಕ್ರಾಟರ ಪಾಲಾದವು. ಹಿಂದೆ ಒಬ್ಬ ಮನುಷ್ಯನ ಬಣ್ಣ ಒಂದು ಕಡೆ, ಚರ್ಚು ಇನ್ನೊಂದು ಕಡೆ, ಊರು ಮತ್ತೊಂದು ಕಡೆ ಎಳೆಯುತ್ತಿತ್ತು. ಈಗ ಮೂರೂ ಒಂದೇ ಪಕ್ಷದ ಕಡೆ ಎಳೆಯತೊಡಗಿದವು. ರಾಜಕೀಯ ವಿಜ್ಞಾನಿ ಲಿಲಿಯಾನಾ ಮೇಸನ್ ಒತ್ತಿ ಹೇಳುವುದು ಇದನ್ನೇ. ಗುರುತುಗಳೆಲ್ಲ ಒಂದರ ಮೇಲೊಂದು ಕೂತಾಗ, ಚುನಾವಣೆಯ ಸೋಲು ತನ್ನ ಇಡೀ ಬದುಕಿಗೆ ಆದ ಅವಮಾನದಂತೆ ಕಾಣುತ್ತದೆ. ನಮ್ಮಲ್ಲಿ ಪಕ್ಷಗಳು ಹಲವು, ಜಾತಿ–ಭಾಷೆಗಳ ಲೆಕ್ಕ ಬೇರೆ. ಹಾಗಾಗಿ ಅಲ್ಲಿನ ಅಂಕಿಗಳನ್ನು ಸೀದಾ ನಮಗೆ ಹೊಂದಿಸಬಾರದು.

ಮದುವೆಯ ಪ್ರಶ್ನೆಯನ್ನೂ ಹುಷಾರಾಗಿ ಓದಬೇಕು. 2018ರಲ್ಲಿ ಸಮಾರಾ ಕ್ಲಾರ್ ಮತ್ತು ಸಂಗಡಿಗರು ಅದಕ್ಕೆ ಒಂದು ಮಾತು ಸೇರಿಸಿ ಕೇಳಿದರು: ಬರುವ ಅಳಿಯನೋ ಸೊಸೆಯೋ ರಾಜಕೀಯ ಮಾತಾಡುವುದೇ ಅಪರೂಪ. ಅಷ್ಟಕ್ಕೇ ಬೇಜಾರು ಬಹಳ ಇಳಿಯಿತು. ಎಷ್ಟೋ ಜನರಿಗೆ ಸಾಕಾಗಿರುವುದು ಊಟಕ್ಕೆ ಕೂತಾಗಲೂ ರಾಜಕೀಯ ಬಿಡದವರ ಸಹವಾಸ. ಇದನ್ನು ಓದಿ ನನಗೆ ಧೈರ್ಯ ಬಂತು.

ಎದುರಿನವರ ಮಾತು ಕಿವಿಗೆ ಬಿದ್ದರೆ ಮನಸ್ಸು ಮೆತ್ತಗಾಗುತ್ತದೆ ಎಂಬ ನಂಬಿಕೆಯನ್ನು ಸಮಾಜಶಾಸ್ತ್ರಜ್ಞ ಕ್ರಿಸ್ ಬೇಲ್ ಅವರ ತಂಡ ಟ್ವಿಟರ್‌ನಲ್ಲಿ ಪರೀಕ್ಷಿಸಿತು. ಎದುರು ಪಾಳೆಯದ ನಾಯಕರ ಮಾತುಗಳನ್ನು ಒಂದು ತಿಂಗಳು ಓದುವಂತೆ ಮಾಡಿದಾಗ ರಿಪಬ್ಲಿಕನ್ನರು ಬಲಪಂಥದ ಕಡೆ ಇನ್ನಷ್ಟು ಸರಿದರು. ಡೆಮಾಕ್ರಾಟರಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ.

ಹಾಗಾದರೆ ಏನು ಕೆಲಸ ಮಾಡುತ್ತದೆ? ಡಗ್ಲಸ್ ಆಹ್ಲರ್ ಮತ್ತು ಗೌರವ್ ಸೂದ್ 2018ರಲ್ಲಿ ತೋರಿಸಿದ್ದು ಇಲ್ಲಿ ಮುಖ್ಯ: ಯಾವ ಪಕ್ಷದಲ್ಲಿ ಎಂಥವರಿದ್ದಾರೆ ಎಂಬ ಜನರ ಕಲ್ಪನೆಯೇ ತಪ್ಪು. ರಿಪಬ್ಲಿಕನ್ನರಲ್ಲಿ ಶೇ 38 ಜನ ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್‌ಗಿಂತ ಹೆಚ್ಚು ದುಡಿಯುತ್ತಾರೆ ಎಂದು ಜನ ಅಂದುಕೊಂಡಿದ್ದರು. ನಿಜದಲ್ಲಿ ಶೇ 2. ಡೆಮಾಕ್ರಾಟರಲ್ಲಿ ಶೇ 32 ಜನ ಸಲಿಂಗಿಗಳು ಅಥವಾ ದ್ವಿಲಿಂಗಿಗಳು ಎಂದೂ ಅಂದುಕೊಂಡಿದ್ದರು. ನಿಜದಲ್ಲಿ ಶೇ 6. ರಾಜಕೀಯದಲ್ಲಿ ಆಸಕ್ತಿ ಜಾಸ್ತಿ ಇದ್ದವರ ಲೆಕ್ಕವೇ ಜಾಸ್ತಿ ತಪ್ಪಿತ್ತು.

2024ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು 32 ಸಾವಿರಕ್ಕೂ ಹೆಚ್ಚು ಅಮೆರಿಕನ್ನರ ಮೇಲೆ 25 ಉಪಾಯಗಳನ್ನು ಪ್ರಯೋಗಿಸಿತು. ಅವುಗಳಲ್ಲಿ 23 ದ್ವೇಷವನ್ನು ತಗ್ಗಿಸಿದವು. ಎದುರು ಪಕ್ಷದ ಸಾಧಾರಣ, ಒಳ್ಳೆಯ ಜನರನ್ನು ತೋರಿಸಿದ್ದು ಚೆನ್ನಾಗಿ ಫಲ ಕೊಟ್ಟಿತು. ಆದರೆ ಪ್ರಜಾಪ್ರಭುತ್ವಕ್ಕೆ ವಿರುದ್ಧವಾದ ದಾರಿಗಳಿಗೆ ಜನ ಕೊಡುವ ಬೆಂಬಲ ಅಷ್ಟರಿಂದಲೇ ಕಡಿಮೆಯಾಗಲಿಲ್ಲ. ಅದನ್ನು ಹೆಚ್ಚು ತಗ್ಗಿಸಿದ್ದು ಎದುರಿನವರ ಬಗ್ಗೆ ಇದ್ದ ತಪ್ಪು ಕಲ್ಪನೆಗಳನ್ನು ತಿದ್ದಿದ ಪ್ರಯೋಗಗಳು, ಜೊತೆಗೆ ಪ್ರಜಾಪ್ರಭುತ್ವ ಕುಸಿದರೆ ಏನಾಗುತ್ತದೆ ಎಂದು ತೋರಿಸಿದಂಥವು. ಎರಡು ವಾರ ಬಿಟ್ಟು ಮತ್ತೆ ಕೇಳಿದಾಗ ಪರಿಣಾಮದ ಒಂದು ಪಾಲು ಮಾತ್ರ ಉಳಿದಿತ್ತು.